ಯಾರದೋ ಮನೆ ನೋಡೋಕೆ ಟಿಕೆಟ್ ಯಾಕೆ?

ವೇಲ್ಸಿನ ಪೋವಿಸ್ ಕ್ಯಾಸಲ್‌ನ ಟಿಕೆಟ್ ಕೌಂಟರ್ ಮುಂದೆ ಅಪ್ಪ ನಿಂತುಬಿಟ್ಟರು. ದರದ ಬೋರ್ಡನ್ನು ಎರಡು ಸಲ ಓದಿದರು. ಪೌಂಡನ್ನು ರೂಪಾಯಿಗೆ ಗುಣಿಸಿದರು. ಬರ್ಮಿಂಗ್‌ಹ್ಯಾಮಿನ ನಮ್ಮ ಮನೆಗೆ ಬಂದ ದಿನದಿಂದಲೂ ಬಾಳೆಹಣ್ಣಿಗೆ, ಬಸ್ಸಿಗೆ, ಕ್ಷೌರಕ್ಕೆ ಎಲ್ಲಕ್ಕೂ ಅದೇ ಗುಣಾಕಾರ. ಆಮೇಲೆ ನನ್ನ ಕಡೆ ತಿರುಗಿ, "ಯಾರ್ದೋ ಮನೆ ನೋಡಕ್ಕೆ ನಾವ್ ಯಾಕವ್ವ ದುಡ್ ಕೊಡ್ಬೇಕು?" ಅಂದರು.

ಅಪ್ಪನ ಊರು ಶ್ರೀರಂಗಪಟ್ಟಣದ ಪಕ್ಕ. "ದರಿಯಾ ದೌಲತ್‌ಗೂ ಟಿಕೆಟ್ ಇಲ್ವೇನಪ್ಪ?" ಎಂದೆ. "ಅದು ಸರ್ಕಾರದ್ದು ಕಣವ್ವ. ಇದು ಯಾರ್ದು?"

ಪ್ರಶ್ನೆ ಸಣ್ಣದು, ಉತ್ತರ ಸಣ್ಣದಲ್ಲ. ಬ್ರಿಟನ್ನಿಗೆ ಬರುವ ನಮ್ಮವರು ಒಂದಲ್ಲ ಒಂದು ದಿನ ಇಂಥ ಕೋಟೆಗೋ ಬಂಗಲೆಗೋ ತೋಟಕ್ಕೋ ಹೋಗಿಯೇ ಹೋಗುತ್ತಾರೆ. ಫೋಟೊ ತೆಗೆಸಿಕೊಳ್ಳುತ್ತಾರೆ, ಸ್ಕೋನ್ ತಿನ್ನುತ್ತಾರೆ, 'ಚೆನ್ನಾಗಿತ್ತು' ಎನ್ನುತ್ತಾ ಬಸ್ಸು ಹತ್ತುತ್ತಾರೆ. ನಾನೂ ಮೊದಲ ಎರಡು ವರ್ಷ ಹಾಗೇ ನೋಡಿದೆ. ಎಲ್ಲ ಮನೆಯೂ ಒಂದೇ ಥರ: ಕೆಂಪು ರತ್ನಗಂಬಳಿ, ಗೋಡೆ ತುಂಬ ಬಿಗುಮೋರೆಯ ಹಿರಿಯರು, ಮುಟ್ಟಬೇಡಿ ಎಂಬ ಹಗ್ಗ. ಈ ಮನೆಗೆ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳತೊಡಗಿದ ಮೇಲಷ್ಟೇ ಒಂದು ಮನೆಗೂ ಇನ್ನೊಂದಕ್ಕೂ ವ್ಯತ್ಯಾಸ ಕಾಣಿಸಿದ್ದು.

ಮೊದಲು 'ಕ್ಯಾಸಲ್' ಅನ್ನುವ ಮಾತು. ನಾವು ಅದನ್ನು ಕೋಟೆ ಅನ್ನುತ್ತೇವೆ, ಅಲ್ಲೇ ಎಡವಟ್ಟು. ನಮ್ಮ ಕೋಟೆಯೊಳಗೆ ಊರಿರುತ್ತದೆ. ಚಿತ್ರದುರ್ಗದಲ್ಲಾಗಲಿ ಶ್ರೀರಂಗಪಟ್ಟಣದಲ್ಲಾಗಲಿ ಗೋಡೆಯ ಒಳಗೆ ದೇವಸ್ಥಾನ, ಕೆರೆ ಕೊಳ, ಕಣಜ, ಜನ ಎಲ್ಲ ಉಂಟು. ಇಲ್ಲಿನ ಕ್ಯಾಸಲ್ ಹೆಚ್ಚಾಗಿ ಒಬ್ಬ ಪಾಳೇಗಾರನ ಮನೆ. ದಪ್ಪ ಗೋಡೆ, ಸಣ್ಣ ಕಿಂಡಿ, ಒಂದು ಗೋಪುರ. ಊರು ಹೊರಗೆ, ಕೆಳಗೆ. ಪೋವಿಸ್ ಕೂಡ ಹಾಗೇ. 13ನೇ ಶತಮಾನದಲ್ಲಿ ವೇಲ್ಸಿನ ಅರಸರು ಕೆಂಪು ಮರಳುಗಲ್ಲಿನಲ್ಲಿ ದಿಣ್ಣೆಯ ಮೇಲೆ ಕಟ್ಟಿದ್ದು. ವೆಲ್ಷ್ ಭಾಷೆಯಲ್ಲಿ ಇದಕ್ಕೆ 'ಕೆಂಪು ಕೋಟೆ' ಎಂಬ ಹೆಸರೂ ಇದೆ. ಕೆಳಗಿನ ವೆಲ್ಷ್‌ಪೂಲ್ ಊರಿನಲ್ಲಿ ರೈಲು ಇಳಿದು ನಡೆದೇ ಬರಬಹುದು. ಬರ್ಮಿಂಗ್‌ಹ್ಯಾಮಿನಿಂದ ನೇರ ರೈಲಿದೆ.

ಫಿರಂಗಿ ಬಂದ ಮೇಲೆ ಇಂಥ ಮನೆಗಳಿಗೆ ಅರ್ಥ ಉಳಿಯಲಿಲ್ಲ. 1640ರ ದಶಕದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾಯಿತು. ಗೆದ್ದ ಪಾರ್ಲಿಮೆಂಟು, ಮತ್ತೆ ಯಾರೂ ಒಳಗೆ ಸೇರಿಕೊಂಡು ಕಾದಾಡದಿರಲಿ ಎಂದು ಎಷ್ಟೋ ಕ್ಯಾಸಲ್‌ಗಳನ್ನು ಬೇಕೆಂದೇ ಒಡೆಸಿತು. ಡಾರ್ಸೆಟ್‌ನ ಕಾರ್ಫ್ ಕ್ಯಾಸಲ್ಲಿನ ಗೋಡೆ ಕುಡಿದವನ ಹಾಗೆ ಓರೆಯಾಗಿ ನಿಂತಿರುವುದನ್ನು ನೋಡಿ 'ಪಾಪ, ಕಾಲ' ಎಂದುಕೊಳ್ಳಬೇಡಿ. ಕಾಲವಲ್ಲ, 1646ರ ಮದ್ದುಗುಂಡು. ಪೋವಿಸ್ಸನ್ನೂ 1644ರಲ್ಲಿ ಹಿಡಿದರು, ಆದರೆ ಅದು ವಾಸದ ಮನೆಯಾಗಿ ಉಳಿದುಕೊಂಡಿತು.

ಅಷ್ಟರಲ್ಲಿ ದೊಡ್ಡವರ ಶೋಕಿಯೇ ಬದಲಾಗಿತ್ತು. ಗೋಡೆ ತೋರಿಸುವ ಕಾಲ ಹೋಗಿ ಕಿಟಕಿ ತೋರಿಸುವ ಕಾಲ ಬಂತು. ಡರ್ಬಿಷೈರ್‌ನ ಹಾರ್ಡ್‌ವಿಕ್ ಹಾಲ್ 1590ರ ದಶಕದ್ದು, ಮುಂಭಾಗವೆಲ್ಲ ಗಾಜು. ಆಗ ಗಾಜೆಂದರೆ ಬಂಗಾರದಷ್ಟು ದುಬಾರಿ. ಕಟ್ಟಿಸಿದಾಕೆ ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್. ಸಾಲದ್ದಕ್ಕೆ ತನ್ನ ಹೆಸರಿನ 'ಇ', 'ಎಸ್' ಅಕ್ಷರಗಳನ್ನು ಆಳೆತ್ತರಕ್ಕೂ ಮಿಗಿಲಾಗಿ ಕೆತ್ತಿಸಿ ಛಾವಣಿಯ ಅಂಚಿಗೇ ನಿಲ್ಲಿಸಿದಳು. ಮೈಲಿ ದೂರದಿಂದ ಕಾಣುತ್ತದೆ. ನಮ್ಮೂರಿನಲ್ಲಿ ಮನೆ ಮುಂದೆ ಸಿಮೆಂಟಿನಲ್ಲಿ ಹೆಸರು ಬರೆಸುವವರನ್ನು ನೋಡಿ ನಗುತ್ತಿದ್ದವಳು ನಾನು, ಈಗ ನಗುವುದಿಲ್ಲ.

ಆಮೇಲಾಮೇಲೆ ಯುದ್ಧದ ಭಯವೇ ಇಲ್ಲದವರೂ ಚಂದಕ್ಕೆಂದು ಕೋಟೆತೆನೆ ಕಟ್ಟಿಸಿಕೊಂಡರು. ಬೆಂಗಳೂರು ಅರಮನೆಯ ಗೋಪುರ, ತೆನೆಗಳು ಆ ಶೋಕಿಯ ದೂರದ ನೆಂಟರು. ಹೀಗಾಗಿ ಇಲ್ಲಿ ಹೆಸರಿನಲ್ಲಿ ಕ್ಯಾಸಲ್ ಇದ್ದರೆ ಬಾಣ ಬಿಡುವ ಕಿಂಡಿ ಇರಲೇಬೇಕೆಂದಿಲ್ಲ.

ಈಗ ದುಡ್ಡಿನ ವಿಷಯ. ಇಂಥ ಮನೆಗಳನ್ನು ಸಾಕಿದ್ದು ಬಹುಪಾಲು ಗೇಣಿ. ಸುತ್ತಲಿನ ಸಾವಿರಾರು ಎಕರೆಯ ರೈತರು ಕೊಡುತ್ತಿದ್ದ ಗೇಣಿಯಿಂದ ಅಡುಗೆಮನೆ ಒಲೆ ಉರಿಯುತ್ತಿತ್ತು. ಅಪ್ಪನಿಗೆ ಇದು ಥಟ್ಟನೆ ಅರ್ಥವಾಯಿತು. ಅರ್ಥವಾಗದ್ದು ಬೇರೆ: "ಐನೂರು ವರ್ಷ ಪಾಲಾಗ್ದೆ ಹೆಂಗ್ ಉಳೀತು?" ನಮ್ಮ ತಾತನ ಆರೆಕರೆ ಈಗ ಹದಿನಾಲ್ಕು ಹೆಸರಿನಲ್ಲಿದೆ, ಅದಕ್ಕೆ ಕೇಳಿದರು. ಇಲ್ಲಿ ಆಗ ಎಲ್ಲವೂ ಹಿರಿಮಗನಿಗೆ. ಕಿರಿಯರು ಸೈನ್ಯಕ್ಕೋ ಚರ್ಚಿಗೋ ಇಂಡಿಯಾಕ್ಕೋ ಹೋಗಬೇಕು, ಹೆಣ್ಣುಮಕ್ಕಳನ್ನು ವರದಕ್ಷಿಣೆ ಕೊಟ್ಟು ಕಳಿಸಬೇಕು. ಹಿರಿಮಗನೂ ಆಸ್ತಿಯನ್ನು ಮನಸ್ಸಿಗೆ ಬಂದಂತೆ ಮಾರುವ ಹಾಗಿರಲಿಲ್ಲ, ಮುಂದಿನವನಿಗೆ ದಾಟಿಸುವಂತೆ ಪತ್ರದಲ್ಲಿ ಕಟ್ಟಿಹಾಕಿರುತ್ತಿದ್ದರು. ಮನೆ ಇಡಿಯಾಗಿ ಉಳಿದದ್ದು ಉಳಿದ ಮಕ್ಕಳಿಗೆ ಏನೂ ಇಲ್ಲವೆಂದದ್ದರಿಂದ.

ಗೇಣಿಯಷ್ಟೇ ಅಲ್ಲ. ಯಾರ್ಕ್‌ಷೈರ್‌ನ ಹೇರ್‌ವುಡ್ ಹೌಸ್ ಎದ್ದದ್ದು ವೆಸ್ಟ್ ಇಂಡೀಸಿನಲ್ಲಿ ಗುಲಾಮರು ಬೆಳೆದ ಕಬ್ಬಿನ ಸಕ್ಕರೆಯಿಂದ. ಬರ್ಕ್‌ಷೈರ್‌ನ ಬ್ಯಾಸಿಲ್ಡನ್ ಪಾರ್ಕ್ ಕಟ್ಟಿಸಿದ ಫ್ರಾನ್ಸಿಸ್ ಸೈಕ್ಸ್ ದುಡ್ಡು ಮಾಡಿದ್ದು ಬಂಗಾಳದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ. ಹೀಗೆ ಮರಳಿದವರನ್ನು ಇಲ್ಲಿಯ ಜನ ಹೊಟ್ಟೆಯುರಿಗೂ ಹಂಗಿಸಲಿಕ್ಕೂ 'ನಬಾಬ್' ಎಂದು ಕರೆಯುತ್ತಿದ್ದರು. ನಮ್ಮ ನವಾಬ ಪದವೇ. ಇಂಥ ಹಳೆಯ ಮನೆಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 2020ರಲ್ಲಿ ತನ್ನ ಮನೆಗಳ ಲೆಕ್ಕ ತಾನೇ ತೆಗೆದು, 93 ಜಾಗಗಳಿಗೆ ಗುಲಾಮಗಿರಿ ಅಥವಾ ವಸಾಹತಿನ ನಂಟಿದೆ ಎಂದು ವರದಿ ಹೊರಡಿಸಿತು. ಅದಕ್ಕೆ ದೊಡ್ಡ ಜಗಳವೇ ಆಯಿತು. ಚಹಾ ಕುಡಿಯಲು ಬಂದವರಿಗೆ ಸಕ್ಕರೆಯ ಲೆಕ್ಕ ಯಾಕೆ ಎಂದು ಒಂದು ಕಡೆಯವರು. ನನಗಂತೂ ಆ ಲೆಕ್ಕ ಬೇಕು.

ಪೋವಿಸ್ಸಿನಲ್ಲಿ ಆ ಲೆಕ್ಕ ನೇರ ನಮ್ಮೂರಿಗೇ ಬಂದು ಮುಟ್ಟುತ್ತದೆ.

1587ರಲ್ಲಿ ಇದನ್ನು ಕೊಂಡವರು ಹರ್ಬರ್ಟ್ ಮನೆತನ. ಹಳೆಯ ಮನೆತನ, ಪದವಿ ಎಲ್ಲ ಇತ್ತು. 18ನೇ ಶತಮಾನ ಮುಗಿಯುವ ಹೊತ್ತಿಗೆ ಕೈಯಲ್ಲಿ ಕಾಸಿರಲಿಲ್ಲ, ಮನೆ ಸೋರುತ್ತಿತ್ತು. ಪಕ್ಕದ ಶ್ರಾಪ್‌ಷೈರ್‌ನಲ್ಲಿ ಇದಕ್ಕೆ ತಿರುಗುಮುರುಗಾದ ಇನ್ನೊಂದು ಕುಟುಂಬವಿತ್ತು: ಕ್ಲೈವ್. 1757ರ ಪ್ಲಾಸಿ ಕದನದ ನಂತರ ರಾಬರ್ಟ್ ಕ್ಲೈವ್ ಬಂಗಾಳದ ಹೊಸ ನವಾಬನಿಂದ ಪಡೆದ ಕಾಣಿಕೆಯೇ 2,34,000 ಪೌಂಡ್. ದುಡ್ಡು ಬೇಕಾದಷ್ಟು, ಕುಲದ ಮೆರುಗು ಕಮ್ಮಿ. 1784ರಲ್ಲಿ ಅವನ ಮಗ ಎಡ್ವರ್ಡ್‌ಗೂ ಹರ್ಬರ್ಟರ ಹೆನ್ರಿಯೆಟ್ಟಾಗೂ ಮದುವೆಯಾಯಿತು. ಇಂಥ ಸಂಬಂಧದ ಲೆಕ್ಕಾಚಾರ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಎಡ್ವರ್ಡ್ 1798ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಅರಮನೆಯ ಸೊತ್ತನ್ನು ಗೆದ್ದ ಸೈನ್ಯ ಅಧಿಕೃತವಾಗಿಯೇ ಹಂಚಿಕೊಂಡಿತು. ಹಂಚಿಕೆಗೆಂದೇ ಅಧಿಕಾರಿಗಳಿದ್ದರು, ದರ್ಜೆಗೆ ತಕ್ಕ ಪಾಲಿತ್ತು. ಎಂಟು ಮೂಲೆಯ ಬಂಗಾರದ ಸಿಂಹಾಸನವನ್ನು ಇಡಿಯಾಗಿ ಉಳಿಸದೆ ತುಂಡು ಮಾಡಿದರು. ಅದರ ದೊಡ್ಡ ಹುಲಿತಲೆ, ಮೇಲಿದ್ದ ಹುಮಾ ಎಂಬ ಪುರಾಣದ ಹಕ್ಕಿ ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಕಟಕಟೆಯ ಸುತ್ತ ಇದ್ದ ಪುಟ್ಟ ಹುಲಿತಲೆಗಳಲ್ಲಿ ಒಂದು ಪೋವಿಸ್ಸಿಗೆ ಬಂತು. 1800ರಲ್ಲಿ ಹೆನ್ರಿಯೆಟ್ಟಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ಸುತ್ತಿಬಂದಳು. ಕಲ್ಲು ಖನಿಜ ಕೂಡಿಡುವ ಹುಚ್ಚು ಆಕೆಗೆ. ಅವಳ ಖನಿಜ ಸಂಗ್ರಹ ಇವತ್ತು ವೇಲ್ಸಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ಕ್ಯಾಸಲ್ಲಿನ ಒಳಗೆ ಕ್ಲೈವ್ ಮ್ಯೂಸಿಯಂ ಅಂತ ಒಂದು ಕೋಣೆ. ಅಪ್ಪ ಒಳಗೆ ಬಂದವರು ಹುಲಿತಲೆಯ ಮುಂದೆ ಬಹಳ ಹೊತ್ತು ನಿಂತರು. ಅಂಗೈಯಲ್ಲಿ ಹಿಡಿಸುವಷ್ಟೇ ಗಾತ್ರ. ಒಳಗೆ ಅರಗು, ಮೇಲೆ ಬಂಗಾರದ ತಗಡು, ಅದರಲ್ಲಿ ಕೂರಿಸಿದ ಕೆಂಪು, ಬಿಳಿ, ಹಸಿರು ಹರಳು. ಬಾಯಿ ತೆರೆದು ಹಲ್ಲು ತೋರಿಸುತ್ತಿದೆ, ಆದರೆ ಇಷ್ಟು ಚಿಕ್ಕದಾದ್ದರಿಂದ ಬೆಕ್ಕು ಆಕಳಿಸಿದಂತೆ ಕಾಣುತ್ತದೆ. ಇಲ್ಲಿಗೆ ಬಂದ ಟಿಪ್ಪುವಿನ ಡೇರೆಯದು ಇನ್ನೊಂದು ಕಥೆ. ಬಿಳಿ ಹತ್ತಿಬಟ್ಟೆಯ ಮೇಲೆ ಕಮಾನು, ಕಮಾನಿನೊಳಗೆ ಹೂದಾನಿ, ಹೂದಾನಿಯಿಂದ ಚೆಲ್ಲಿದ ಕೆಂಪು ಹೂ, ಹಸಿರು ಎಲೆ. ದಂಡಿನ ಡೇರೆ ಎಂದರೆ ನಾವು ಕಲ್ಪಿಸಿಕೊಳ್ಳುವ ಖಾಕಿಯಲ್ಲ. ಬಟ್ಟೆಯಲ್ಲೇ ಕಟ್ಟಿದ ತೋಟ. ಪೋವಿಸ್ಸಿನವರು ಅದನ್ನು ತಮ್ಮ ತೋಟದ ಪಾರ್ಟಿಗಳಿಗೆ ಶಾಮಿಯಾನ ಮಾಡಿಕೊಂಡರು. ಇದನ್ನು ಹೇಳಿದಾಗ ಅಪ್ಪನಿಗೆ ಸಿಟ್ಟು ಬಂದೀತು ಎಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟು: "ಇಲ್ಲಿ ಮಳೇಗೆ ತಡೀತಾ?"

ಇಂಡಿಯಾ ಮತ್ತು ಪೂರ್ವದೇಶಗಳಿಂದ ಬಂದ ಸುಮಾರು ಸಾವಿರ ವಸ್ತುಗಳು ಈ ಮನೆಯಲ್ಲಿವೆ. ವಾಪಸ್ ಕೊಡಬೇಕೇ ಎಂಬ ವಾದ ನಡೆಯುತ್ತಲೇ ಇದೆ, ನಡೆಯಬೇಕು ಕೂಡ. ಆದರೆ ನೋಡಲು ಹೋದವರು ಇನ್ನೊಂದನ್ನು ಗಮನಿಸಬೇಕು: ಇಂಡಿಯಾದ ದುಡ್ಡು ಕಾಣುವುದು ಆ ಒಂದು ಕೋಣೆಯಲ್ಲಿ ಮಾತ್ರವಲ್ಲ. ಕ್ಲೈವರ ಹಣ ಬಂದ ಮೇಲೆಯೇ ಈ ಮನೆಯ ಸೋರುವ ಛಾವಣಿ, ಬೀಳುತ್ತಿದ್ದ ಗೋಡೆ ದುರಸ್ತಿಯಾದದ್ದು. ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ತಲೆಯ ಮೇಲಿನ ಸೂರನ್ನೂ ಒಮ್ಮೆ ನೋಡಿ.

ಹಾಗಾದರೆ ಇಷ್ಟು ದುಡ್ಡಿದ್ದವರು ಟಿಕೆಟ್ ಹರಿಯುವ ಸ್ಥಿತಿಗೆ ಯಾಕೆ ಬಂದರು?

ಮೊದಲ ಪೆಟ್ಟು ಬಂದದ್ದು ಗೋಧಿಯಿಂದ. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಹಡಗುಗಟ್ಟಲೆ ಬಂದಿಳಿಯಿತು. 1882ರಲ್ಲಿ ನ್ಯೂಜಿಲೆಂಡಿನಿಂದ ಮಂಜುಗಟ್ಟಿಸಿದ ಮಾಂಸದ ಹಡಗೂ ಬಂತು. ಇಪ್ಪತ್ತೇ ವರ್ಷದಲ್ಲಿ ಇಲ್ಲಿನ ಗೋಧಿ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ರೈತನಿಗೆ ಬೆಲೆ ಇಲ್ಲವೆಂದರೆ ಒಡೆಯನಿಗೆ ಗೇಣಿ ಎಲ್ಲಿಂದ? ಎರಡನೇ ಪೆಟ್ಟು ಸಾವಿನ ತೆರಿಗೆ. 1894ರಲ್ಲಿ ಅದರ ಗರಿಷ್ಠ ದರ ಶೇ. 8, 1919ರಲ್ಲಿ ಶೇ. 40, ಎರಡನೇ ಮಹಾಯುದ್ಧದ ನಂತರ ಶೇ. 80. ಯಜಮಾನ ಸತ್ತಾಗಲೆಲ್ಲ ಆಸ್ತಿಯ ಇಷ್ಟು ಪಾಲು ಸರ್ಕಾರಕ್ಕೆ. ಎರಡೂ ಮಹಾಯುದ್ಧಗಳಲ್ಲಿ ವಾರಸುದಾರರೂ ಸಾಲುಸಾಲಾಗಿ ಸತ್ತರು. ಪೋವಿಸ್ಸಿನ ಒಡೆಯ ನಾಲ್ಕನೇ ಅರ್ಲ್‌ನ ಹಿರಿಮಗ 1916ರಲ್ಲಿ ಸೋಮ್ ಕದನದ ಗಾಯಕ್ಕೆ ಬಲಿಯಾದ. ಇನ್ನೊಬ್ಬ ಮಗ 1943ರಲ್ಲಿ ವಿಮಾನ ಅಪಘಾತದಲ್ಲಿ ಹೋದ.

ಡರ್ಬಿಷೈರ್‌ನ ಇನ್ನೊಂದು ದೊಡ್ಡ ಮನೆ ಚ್ಯಾಟ್ಸ್‌ವರ್ತ್‌ನ ಕಥೆ ಕೇಳಿದರೆ ತೆರಿಗೆ ಸಲಹೆಗಾರರಿಗೆ ನಿದ್ದೆ ಹತ್ತುವುದಿಲ್ಲ. ಅಲ್ಲಿನ ಹತ್ತನೇ ಡ್ಯೂಕ್ ಸಾಯುವ ಮುಂಚೆಯೇ ಆಸ್ತಿಯನ್ನು ಮಗನಿಗೆ ದಾಟಿಸಿದ್ದ. ದಾಟಿಸಿ ಐದು ವರ್ಷ ಬದುಕಿದ್ದರೆ ತೆರಿಗೆಯಿಲ್ಲ ಎಂಬುದು ಆಗಿನ ಕಾನೂನು. ಇನ್ನು ಕೆಲವೇ ತಿಂಗಳಿತ್ತು. 1950ರ ನವೆಂಬರಿನಲ್ಲಿ ಸೌದೆ ಒಡೆಯುವಾಗ ಹೃದಯ ನಿಂತಿತು. ಶೇ. 80 ತೆರಿಗೆ. ಅದನ್ನು ತೀರಿಸಲು ಸಾವಿರಾರು ಎಕರೆ ಭೂಮಿ, ಹೆಸರಾಂತ ಚಿತ್ರಗಳು ಹೋದವು. ಮೇಲೆ ಹೇಳಿದ ಗಾಜಿನ ಹಾರ್ಡ್‌ವಿಕ್ ಹಾಲ್ ಕೂಡ ಅದೇ ಮನೆತನದ್ದು, ಅದನ್ನೂ ತೆರಿಗೆಯ ಬದಲಿಗೇ ಕೊಟ್ಟರು.

ಆ ಕಾಲದಲ್ಲಿ ಎಷ್ಟೋ ಮನೆತನಗಳು ಮನೆಯನ್ನೇ ಕೆಡವಿದವು. 20ನೇ ಶತಮಾನದಲ್ಲಿ ಹೀಗೆ ನೆಲಸಮವಾದ ದೊಡ್ಡ ಮನೆಗಳು ಸಾವಿರಕ್ಕೂ ಹೆಚ್ಚು. ಸೀಸ, ತೊಲೆ, ಅಗ್ಗಿಷ್ಟಿಕೆಯ ಅಮೃತಶಿಲೆ ಬಿಡಿಬಿಡಿಯಾಗಿ ಮಾರಾಟವಾದವು. ಉಳಿಸಿಕೊಂಡವರಿಗೆ ಎರಡು ದಾರಿ. ಒಂದು, ಬಾಗಿಲು ತೆರೆದು ದುಡ್ಡು ಇಸಿದುಕೊಳ್ಳುವುದು. ಲಾಂಗ್‌ಲೀಟ್ ಎಂಬ ಮನೆಯ ಒಡೆಯ ಮಾರ್ಕ್ವಿಸ್ 1949ರಲ್ಲಿ ತೆರೆದ. ಸಾಲದೆ 1966ರಲ್ಲಿ ಅಂಗಳಕ್ಕೆ ಸಿಂಹಗಳನ್ನೇ ಬಿಟ್ಟ, ಜನ ಕಾರಿನಲ್ಲಿ ಕೂತು ನೋಡುತ್ತಾರೆ. ಇನ್ನೊಂದು, ಮನೆಯನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸುವುದು.

ಈ ಟ್ರಸ್ಟು 1895ರದ್ದು. ಮೂವರು ಸೇರಿ ಶುರುಮಾಡಿದ್ದು, ಮೊದಲು ಗುಡ್ಡ ಬಯಲು ಉಳಿಸಲಿಕ್ಕೆಂದು. ದೊಡ್ಡ ಮನೆಗಳು ಬಂದು ಸೇರಿದ್ದು 1930ರ ದಶಕದ ಕೊನೆಯಿಂದ. ಇದು ಸರ್ಕಾರವಲ್ಲ, ಸದಸ್ಯರ ದುಡ್ಡಿನಿಂದ ನಡೆಯುವ ಧರ್ಮಸಂಸ್ಥೆ. ಒಮ್ಮೆ ಟ್ರಸ್ಟು 'ಇದು ಪರಭಾರೆಯಾಗದ ಆಸ್ತಿ' ಎಂದು ಘೋಷಿಸಿದರೆ ಆಮೇಲೆ ತಾನೂ ಮಾರುವಂತಿಲ್ಲ, ಅಡ ಇಡುವಂತಿಲ್ಲ. ಬರೀ ಮನೆ ಕೊಟ್ಟರೂ ಸಾಲದು, ಸಾಕಲು ಇಡಿಗಂಟನ್ನೂ ಜೊತೆಗೆ ಕೇಳುತ್ತದೆ. ದೇವಸ್ಥಾನಕ್ಕೆ ದೀಪದ ದತ್ತಿ ಬಿಡುತ್ತಾರಲ್ಲ, ಹಾಗೆ. ಬದಲಿಗೆ ಕುಟುಂಬದವರು ಮನೆಯ ಒಂದು ಭಾಗದಲ್ಲಿ ಇರಬಹುದು. ಪೋವಿಸ್ 1952ರಲ್ಲಿ ನಾಲ್ಕನೇ ಅರ್ಲ್ ತೀರಿಕೊಂಡಾಗ ಹೀಗೆ ಟ್ರಸ್ಟಿಗೆ ಬಂತು. ಅಪ್ಪ ಕೇಳಿದ 'ಇದು ಯಾರ್ದು'ವಿಗೆ ಉತ್ತರ: ಈಗ ಯಾರದೂ ಅಲ್ಲ, ಮಾರಲಾಗದ್ದು.

ಹೋಗುವವರಿಗೆ ಇದರಿಂದ ಆಗುವ ಉಪಯೋಗ ಇಷ್ಟು. ಟ್ರಸ್ಟಿನ ಮನೆಗಳಿಗೆ ವರ್ಷದಲ್ಲಿ ಮೂರ್ನಾಲ್ಕು ಸಲ ಹೋಗುವವರಾದರೆ ಸದಸ್ಯತ್ವವೇ ಲೇಸು. ಛಾವಣಿಯಿಲ್ಲದ ಮುರುಕು ಕೋಟೆಗಳು ಹೆಚ್ಚಾಗಿ ಇಂಗ್ಲಿಷ್ ಹೆರಿಟೇಜ್ ಅಥವಾ ವೇಲ್ಸಿನ ಕಾಡೂ (Cadw) ಎಂಬ ಸ್ಮಾರಕ ಸಂಸ್ಥೆಯ ಕೈಯಲ್ಲಿವೆ. ಅಲ್ಲಿ ಸದಸ್ಯತ್ವ ಬೇರೆ, ಮಳೆಗೆ ಕೊಡೆಯೂ ಬೇಕು. ಖಾಸಗಿ ಮನೆಗಳು ದುಬಾರಿ, ಆದರೆ ಅಲ್ಲಿ ಇನ್ನೂ ಜನ ಬದುಕುತ್ತಿರುವ ವಾಸನೆ ಇರುತ್ತದೆ. ಕೆಲವು ವರ್ಷಕ್ಕೆ ಕೆಲವೇ ದಿನ ಬಾಗಿಲು ತೆರೆಯುತ್ತವೆ: ಸಾರ್ವಜನಿಕರನ್ನು ಬಿಟ್ಟರೆ ತೆರಿಗೆ ರಿಯಾಯಿತಿ ಎಂಬ ಒಪ್ಪಂದದಿಂದಾಗಿ. ಸೆಪ್ಟೆಂಬರಿನ ಹೆರಿಟೇಜ್ ಓಪನ್ ಡೇಸ್‌ನಲ್ಲಿ ಇಂಗ್ಲೆಂಡಿನ ಎಷ್ಟೋ ಜಾಗಗಳಿಗೆ ಪುಕ್ಕಟೆ ಪ್ರವೇಶ. ಚಳಿಗಾಲದಲ್ಲಿ ಮನೆ ಮುಚ್ಚಿ ತೋಟ ಮಾತ್ರ ತೆರೆದಿರುವುದುಂಟು, ನೋಡಿಕೊಂಡು ಹೊರಡಿ.

ಒಳಗೆ ಕತ್ತಲೆ ಎಂದು ಎಲ್ಲರೂ ಗೊಣಗುತ್ತಾರೆ. ಅದು ಕರೆಂಟಿನ ಜಿಪುಣತನವಲ್ಲ. ಬೆಳಕು ಬಟ್ಟೆಯ ಬಣ್ಣವನ್ನು ತಿನ್ನುತ್ತದೆ, ತಿಂದದ್ದು ಮರಳಿ ಬರುವುದಿಲ್ಲ. ಹಳೆಯ ನೇಯ್ಗೆ, ಜಲವರ್ಣ ಇರುವ ಕಡೆ 50 ಲಕ್ಸ್‌ನಷ್ಟು ಬೆಳಕಿಗೆ ಇಳಿಸುತ್ತಾರೆ. ಆಫೀಸಿನ ಮೇಜಿನ ಮೇಲೆ ಅದರ ಆರರಿಂದ ಹತ್ತರಷ್ಟು ಇರುತ್ತದೆ. ಎರಡು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಹೊಂದಿಕೊಳ್ಳುತ್ತದೆ. ಇನ್ನು ಕುರ್ಚಿಗಳು. ಮಂಡಿನೋವಿನ ಅಪ್ಪ ಒಂದು ಮೆತ್ತನೆ ಕುರ್ಚಿ ನೋಡಿ ಕೂರಲು ಹೋದರು. ಸೀಟಿನ ನಡುವೆ ಒಣಗಿದ ಮುಳ್ಳುಗಾಯಿಯೊಂದು ಕೂತಿತ್ತು. 'ಕೂರಬೇಡಿ' ಎಂಬ ಬೋರ್ಡಿಗಿಂತ ಮರ್ಯಾದೆಯ ಉಪಾಯ. ಓದಲು ಬಾರದ ಮಗುವಿಗೂ ಅರ್ಥವಾಗುತ್ತದೆ. ಮೂಲೆಯಲ್ಲಿದ್ದ ವಯಸ್ಸಾದ ಸ್ವಯಂಸೇವಕಿ ನಕ್ಕು, ಮುಳ್ಳಿಲ್ಲದ ಕುರ್ಚಿ ತೋರಿಸಿದರು. ಪ್ರತಿ ಕೋಣೆಯಲ್ಲೂ ಹೀಗೆ ಒಬ್ಬರು ಕೂತಿರುತ್ತಾರೆ. ಸಂಕೋಚ ಬಿಟ್ಟು ಮಾತಾಡಿಸಿ, ಪುಸ್ತಕದಲ್ಲಿಲ್ಲದ್ದು ಅವರ ಬಳಿ ಇರುತ್ತದೆ.

ತೋಟಕ್ಕೆ ಕಡೆಗೆ ಬಂದೆವು, ಮಳೆ ನಿಂತ ಮೇಲೆ. ಇಲ್ಲಿನ ತೋಟಗಳಲ್ಲಿ ಎರಡು ಪಂಥ. ಹಳೆಯದು ಗೆರೆ ಎಳೆದಂತಹದ್ದು: ಮೆಟ್ಟಿಲು ಮೆಟ್ಟಿಲಾದ ಜಗಲಿ, ಪ್ರತಿಮೆ, ಕತ್ತರಿಸಿದ ಬೇಲಿ. 18ನೇ ಶತಮಾನದಲ್ಲಿ ಅದಕ್ಕೆ ವಿರುದ್ಧವಾದ ಗಾಳಿ ಬೀಸಿತು. 'ಕೇಪಬಿಲಿಟಿ' ಬ್ರೌನ್ ಎಂದೇ ಹೆಸರಾದ ಲ್ಯಾನ್ಸೆಲಾಟ್ ಬ್ರೌನ್ ನೂರೈವತ್ತಕ್ಕೂ ಹೆಚ್ಚು ಎಸ್ಟೇಟುಗಳಲ್ಲಿ ಜಗಲಿ ಕಿತ್ತು, ಹುಲ್ಲು ಹಾಸಿ, ಹಳ್ಳಕ್ಕೆ ಕಟ್ಟೆ ಕಟ್ಟಿ, ಅಲ್ಲಲ್ಲಿ ಮರದ ಗುಂಪು ನೆಟ್ಟ. ಇವತ್ತು ನಾವು 'ಆಹಾ, ಇಂಗ್ಲೆಂಡಿನ ಸಹಜ ಹಸಿರು' ಎನ್ನುವುದರಲ್ಲಿ ಬಹಳಷ್ಟು ಆಳುಗಳಿಂದ ಅಗೆಸಿದ್ದು. ಮನೆ ಮುಂದಿನ ಹುಲ್ಲಿಗೂ ದೂರದ ದನ ಕುರಿಗೂ ನಡುವೆ ಬೇಲಿಯೇ ಕಾಣದಿದ್ದರೆ ಹುಷಾರಾಗಿ ಮುಂದೆ ಹೋಗಿ. ಅಲ್ಲಿ 'ಹಾ-ಹಾ' ಎಂಬ ತಗ್ಗು ಇರುತ್ತದೆ: ಒಂದು ಕಡೆ ನೆಟ್ಟನೆ ಗೋಡೆ, ಇನ್ನೊಂದು ಕಡೆ ಇಳಿಜಾರು. ಕುರಿ ಹತ್ತಲಾರದು, ಕಿಟಕಿಯಿಂದ ಕಾಣದು.

ಗಾಜಿನ ಮನೆಗಳದು ಮತ್ತೊಂದು ಹುಚ್ಚು. ಚ್ಯಾಟ್ಸ್‌ವರ್ತ್‌ನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಗಾಜಿನ ಮನೆಯಲ್ಲಿ ಗಿಡ್ಡ ಬಾಳೆ ಬೆಳೆಸಿ ಒಡೆಯನ ಮನೆತನದ ಕ್ಯಾವೆಂಡಿಷ್ ಹೆಸರಿಟ್ಟ. ನಮ್ಮ ತಳ್ಳುಗಾಡಿಯ ಪಚ್ಚಬಾಳೆ ಆ ಕ್ಯಾವೆಂಡಿಷ್ ಗುಂಪಿನದೇ. ಅದೇ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ವಿನ್ಯಾಸ ಮಾಡಿದ. ಅದರ ಮಾದರಿಯಲ್ಲೇ ಲಾಲ್‌ಬಾಗಿನ ಗಾಜಿನ ಮನೆ ಎದ್ದದ್ದು.

ಪೋವಿಸ್ಸಿನದು ಹಳೆಯ ಪಂಥ. 1680ರ ದಶಕದಿಂದ ಬಂಡೆ ಕಡಿದು ಮಾಡಿದ ಇಟಲಿ ಶೈಲಿಯ ಜಗಲಿಗಳು ದಿಣ್ಣೆಯಿಂದ ಕೆಳಕ್ಕೆ ಇಳಿಯುತ್ತವೆ. ಬ್ರೌನ್ ಕಾಲದಲ್ಲಿ ಬೇರೆಯವರೆಲ್ಲ ಇಂಥವನ್ನು ಕಿತ್ತುಹಾಕುವಾಗ ಇದು ಉಳಿದಿರುವುದಕ್ಕೆ ಹರ್ಬರ್ಟರ ಕಾಸಿಲ್ಲದ ಸ್ಥಿತಿಯೂ ಕಾರಣ ಎಂದು ನನ್ನ ಅನಿಸಿಕೆ. ಜಗಲಿಯ ಮೇಲೆ ಯೂ ಎಂಬ ನಿತ್ಯಹಸಿರು ಮರದ ಬೇಲಿ. ಬೇಲಿ ಅಂದೆನೇ? ನೆಟ್ಟು ಮುನ್ನೂರು ವರ್ಷ ದಾಟಿದೆ, ಮೂರು ನಾಲ್ಕು ಮಹಡಿ ಎತ್ತರ ಬೆಳೆದಿದೆ, ಕತ್ತರಿಸಿ ಕತ್ತರಿಸಿ ಕರಗಿದ ಮೇಣದ ಹಾಗೆ, ಮಲಗಿದ ಆನೆಯ ಹಾಗೆ ಉಬ್ಬಿಕೊಂಡು ನಿಂತಿದೆ.

ಅದರ ಕೆಳಗೆ ಒಬ್ಬ ತೋಟಗಾರ ಕಸ ಗುಡಿಸುತ್ತಿದ್ದ. ಅಪ್ಪ ನನ್ನ ತೋಳು ಹಿಡಿದು, "ಇದ್ನ ಕತ್ತರ್ಸಕ್ಕೆ ಎಷ್ಟ್ ದಿನ ಹಿಡೀತದೆ ಕೇಳು" ಅಂದರು. ಕೇಳಿದೆ. ಬೇಸಿಗೆ ಮುಗಿಯುವಾಗ ಶುರುಮಾಡಿದರೆ ವಾರಗಟ್ಟಲೆ, ಎತ್ತುವ ಯಂತ್ರದ ಬುಟ್ಟಿಯಲ್ಲಿ ನಿಂತು, ಕೈಯಲ್ಲಿ ಕತ್ತರಿ ಯಂತ್ರ ಹಿಡಿದು ಎಂದ. "ಪ್ರತಿ ವರ್ಷಾನಾ?" ಪ್ರತಿ ವರ್ಷ.

ಅಪ್ಪ ತಲೆಯೆತ್ತಿ ಬೇಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ತುಟಿ ಅಲ್ಲಾಡುತ್ತಿತ್ತು, ಪೌಂಡಿನ ಗುಣಾಕಾರವಲ್ಲ, ಆಳಿನ ಲೆಕ್ಕ.

"ಎಲ್ ಸಾಲ್ತದವ್ವ ಇವ್ರಿಗೆ ಆ ಟಿಕೆಟ್ ದುಡ್ಡು" ಅಂದರು.